ನೀಲದ್ವಾರ ದಿಗ್ವಿಜಯ

ಕೇಳಿರೈ ಸಜ್ಜನರೇ! ಊರು ನೋಡುವುದಕ್ಕಿಂತ ಊರು ನೋಡಿದೆವೆಂದು ನೆಂಟರಿಗೆ ತೋರಿಸುವುದೇ ಪರಮ ಪುರುಷಾರ್ಥವಾಗಿರುವ ಈ ಕಲಿಯುಗದಲ್ಲಿ, ಹುಬ್ಬಳ್ಳಿ ಮಹಾನಗರದೊಳಗೆ ಟೈಲ್ಸು, ನಲ್ಲಿ, ಕಮೋಡುಗಳ ಅಂಗಡಿಯನ್ನು ಇಪ್ಪತ್ತು ವರ್ಷ ನಿಷ್ಕಂಟಕವಾಗಿ ಆಳಿದ, ತ್ರಿಪಾದಸ್ಟ್ಯಾಂಡಧರನೂ ದೀರ್ಘಲೆನ್ಸಬಾಹುವೂ ಪ್ಯಾಕೇಜುಟೂರುದ್ವೇಷಿಯೂ ಆದ ವೀರಭದ್ರಪ್ಪನೆಂಬ ಕಲಿಯಿದ್ದನು. ಅವನ ಪರಾಕ್ರಮವನ್ನು ಹಾಡಲು ಸಾವಿರ ನಾಲಿಗೆಯ ಆದಿಶೇಷನೇ ಬರಬೇಕು. ನಮಗಿರುವುದು ಒಂದೇ ನಾಲಿಗೆ, ಅದೂ ಈಗಷ್ಟೇ ಮಿರ್ಚಿಭಜಿ ತಿಂದು ಸುಟ್ಟುಕೊಂಡದ್ದು. ಆದರೂ ಬಿಡುವವರಲ್ಲ.

ಯುದ್ಧದ ಬೀಜ ಬಿದ್ದದ್ದು ಮಾವನ ಮನೆಯ ಊಟದ ಪಂಕ್ತಿಯಲ್ಲಿ. ಹೆಂಡತಿಯ ಅಕ್ಕನ ಗಂಡ, ಅಂದರೆ ವೀರನ ಷಡ್ಡಕ, ಚನ್ನವೀರಗೌಡರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತಮ್ಮ ಯುರೋಪ್ ಟೂರಿನ ಪುರಾಣ ಬಿಚ್ಚಿದರು. ಟೂರ್ ಕಂಪನಿ ಕೊಟ್ಟ ಕಿತ್ತಳೆ ಬಣ್ಣದ ಟೋಪಿಯನ್ನು ಅವರು ಊಟಕ್ಕೂ ಹಾಕಿಕೊಂಡೇ ಬಂದಿದ್ದರು. ನಮ್ಮ ವೀರನು ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೇ ಬಿಟ್ಟನು. ಎಡಗೈಯಿಂದ ಮೀಸೆ ತೀಡಿ ಗರ್ಜಿಸಿದನು. ಅವನು ಗರ್ಜಿಸಿದ್ದು ಹುಬ್ಬಳ್ಳಿ ಮಾತಿನಲ್ಲೇ ಆದರೂ ಕಾವ್ಯದ ಮರ್ಯಾದೆಗಾಗಿ ನಾವು ಹೀಗೆ ಬರೆಯುತ್ತೇವೆ:

“ಎಲೈ ಕಿತ್ತಳೆಕಿರೀಟಿಯೇ! ಗೈಡಿನ ಬಾವುಟದ ಹಿಂದೆ ಕುರಿಯಂತೆ ನಡೆದವನೇ! ಪತ್ನೀಸಮೇತನಾಗಿ, ಸ್ವತಂತ್ರನಾಗಿ ನಾನು ಪರದೇಶಕ್ಕೆ ತೆರಳುವೆನು. ನಿನ್ನ ಬಸ್ಸು ಮುಟ್ಟದ, ನಿನ್ನ ಕಣ್ಣು ಕಾಣದ ಒಂದು ತಾಣವನ್ನು ಶೋಧಿಸಿ ಚಿತ್ರ ಹಿಡಿದು ತರುವೆನು. ತಪ್ಪಿದರೆ ಇದೇ ಟೋಪಿಯನ್ನು ಧರಿಸಿ ಮುಂದಿನ ಟೂರಿನಲ್ಲಿ ನಿನ್ನ ಹಿಂದೆ ನಡೆಯುವೆನು!”

“ಆತು ತಮ್ಮಾ,” ಎಂದರು ಗೌಡರು. “ದುಬೈಕ್ಕ ಹೊಂಟೇವಿ. ಒಂದ್ ಸೀಟ್ ಹಿಡದಿರ್ತೀನಿ.”

ಹೀಗೆ ಶಪಥಬದ್ಧನಾದ ವೀರನು ಸಹಧರ್ಮಿಣಿ ಕಸ್ತೂರಿಯೊಡನೆ ಸಪ್ತಸಮುದ್ರಗಳಾಚೆಯ, ಅದೇ ಯುರೋಪಿನ ಲಿಸ್ಬನ್ ನಗರವನ್ನು ಹೊಕ್ಕನು. ಕೋಟೆ ಕಂಡಿತು, ಚಿತ್ರ ತೆಗೆಯಲಿಲ್ಲ, ಷಡ್ಡಕ ಅದನ್ನು ಆಗಲೇ ಕಂಡಿದ್ದಾನು. ಹಳದಿ ಟ್ರಾಮು ಗಣಗಣ ಎಂದು ಬಂದಿತು, ಮುಖ ತಿರುಗಿಸಿದನು. ಸಮುದ್ರದಂಥ ನದಿಗೆ ಬೆನ್ನು ಹಾಕಿ, ಬಳ್ಳಾರಿ ಬಿಸಿಲನ್ನೂ ನಾಚಿಸುವ ಬಿಸಿಲಿನಲ್ಲಿ, ಓಣಿಯಿಂದ ಓಣಿಗೆ ಹತ್ತಿದನು. ಹಿಂದೆ ಚಟ್ನಿಪುಡಿ, ರೊಟ್ಟಿ, ಎರಡು ಬಾಟಲಿ ನೀರು ಹೊತ್ತ ಕಸ್ತೂರಿ. ಎರಡೂ ಬಾಟಲಿ ಆಗಲೇ ಖಾಲಿಯಾಗಿದ್ದವು. ಆಪತ್ತು ಅಲ್ಲೇ ಇತ್ತು.

“ರೀ, ಎಲ್ಲ್ಯಾರ ಒಂದ್ ಹೋಟೆಲ್ ನೋಡ್ರಿ. ನಂಗ ಬಾತ್‌ರೂಮಿಗೆ ಹೋಗಬೇಕಾಗೇತಿ.”

“ದೇವಿ! ಹೋಟೆಲುಗಳಿರುವುದು ದೊಡ್ಡ ಬೀದಿಯಲ್ಲಿ. ದೊಡ್ಡ ಬೀದಿಯಲ್ಲಿ ಷಡ್ಡಕರ ಹೆಜ್ಜೆಗಳಿವೆ. ಅಜ್ಞಾತವನ್ನು ಅರಸಿ ಬಂದವರು ನಾವು. ಕ್ಷಣಕಾಲ ಸಹಿಸು!”

“ಬೆಳಿಗ್ಗೆಯಿಂದ ಬರೇ ಕ್ಷಣಕಾಲ ಅಂತೀರಿ. ನಾ ಏನ್ ಕಲ್ಲಿನ ಗೊಂಬಿ ಏನ್ರಿ?”

ಆಗ, ಓಣಿಯ ತಿರುವಿನಲ್ಲಿ, ಅದು ಕಂಡಿತು. ಕಡುನೀಲಿ ಬಾಗಿಲು. ಸುತ್ತ ನೀಲಿ-ಬಿಳಿ ಟೈಲ್ಸ್ ಬಿಲ್ಲೆಗಳ ಗೋಡೆ. ಬಾಗಿಲ ಎಡಕ್ಕೆ ಟೋಪಿ ತೊಟ್ಟ ಗಂಡಸಿನ ಚಿತ್ರ, ಬಲಕ್ಕೆ ಬೀಸಣಿಗೆ ಹಿಡಿದ ಹೆಂಗಸಿನ ಚಿತ್ರ. ಬಿಲ್ಲೆಗಳ ಮೈಸವರಿ, ಟೈಲ್ಸ್ ವಿದ್ಯಾಪಾರಂಗತನಾದ ವೀರನು ಘೋಷಿಸಿದನು: “ಇದು ಗುಪ್ತ ದೇಗುಲ! ಇವರು ಇದನ್ನು ಕಟ್ಟಿಸಿದ ರಾಜದಂಪತಿಗಳು!” ಸಾಕ್ಷಿಯೂ ಎದುರಿಗೇ ಇತ್ತು. ಭಕ್ತರು ಕಳವಳದ ಮುಖ ಹೊತ್ತು ಒಳಗೆ ಧಾವಿಸುತ್ತಿದ್ದರು, ಪರಮಶಾಂತಿಯಿಂದ ಹೊರಬರುತ್ತಿದ್ದರು, ಹೊಸ್ತಿಲ ಬಳಿಯ ತಟ್ಟೆಗೆ ದಕ್ಷಿಣೆ ಹಾಕುತ್ತಿದ್ದರು. ಇಪ್ಪತ್ತು ವರ್ಷ ಆ ಶಾಂತಿಯ ಸಾಮಗ್ರಿಯನ್ನೇ ಮಾರಿದವನಿಗೆ ಏನೂ ಹೊಳೆಯಲಿಲ್ಲ. ಶಪಥ ಮಾಡಿದವನಿಗೆ ಕಣ್ಣಿರುವುದಿಲ್ಲ, ಕ್ಯಾಮೆರಾ ಇರುತ್ತದೆ.

ಕ್ಯಾಮೆರಾ ಹೊತ್ತ ತ್ರಿಪಾದಿಯನ್ನು ಬಾಗಿಲಿಗೆ ಅಡ್ಡಲಾಗಿ ನೆಟ್ಟನು. ಭಕ್ತರ ಸಾಲು ನಿಂತಿತು, ಬೆಳೆಯಿತು, ಕಾಲು ಬದಲಿಸಿತು, ಗೊಣಗಿತು. ಒಳಗಿನಿಂದ ಶುಭ್ರಕೇಶಿನಿಯಾದ ಒಬ್ಬ ಮುದುಕಿ, ಕೈಯಲ್ಲಿ ಒದ್ದೆ ನೆಲವೊರಸುವ ಕೋಲು ಹಿಡಿದು, ರಣಚಂಡಿಯಂತೆ ಹೊರಬಂದಳು. ಇವಳೇ ಪೂಜಾರಿಣಿ ಎಂದು ವೀರನು ಕೈಮುಗಿದನು. ಅವಳು ತನ್ನ ಭಾಷೆಯಲ್ಲಿ ಮಂಗಳಾರತಿ ಎತ್ತಿ, ಕೋಲಿನಿಂದ ತ್ರಿಪಾದಿಯ ಒಂದು ಕಾಲಿಗೆ ಬಾರಿಸಿದಳು. ತ್ರಿಪಾದಿ ದ್ವಿಪಾದಿಯಾಗಿ ವಾಲಿತು. ವೀರನು ಹಾರಿ, ಕ್ಯಾಮೆರಾವನ್ನು ಎದೆಗಪ್ಪಿ, ನೀರು ಜಿನುಗುವ ಆ ಆಯುಧಕ್ಕೆ ಅಂಜಿ ಹಿಂದೆ ಹಿಂದೆ ಸರಿದು ಎದುರು ಗೋಡೆಗೆ ಒರಗಿದನು. ಆದರೆ ಎಂಥ ಅದೃಷ್ಟ! ಆ ಗೋಡೆಯಿಂದ ಇಡೀ ಬಾಗಿಲು ಚೌಕಟ್ಟಿನಲ್ಲಿ ಕೂತಿತು. ಬೆರಳು ಗುಂಡಿಯ ಮೇಲೆ ಇಳಿಯಿತು.

ಅದೇ ಕ್ಷಣದಲ್ಲಿ ಚಟ್ನಿಪುಡಿಯ ಚೀಲ ಹೊತ್ತ ಒಂದು ಬೆನ್ನು ಚೌಕಟ್ಟಿನೊಳಗೆ ನುಗ್ಗಿತು.

“ಕಸ್ತೂರಿ! ಫ್ರೇಮ್ ಕೆಡ್ತು!”

“ಕೆಡಲಿ ಬಿಡ್ರಿ,” ಎಂದ ಬೆನ್ನು, ಮುದುಕಿ ಪ್ರೀತಿಯಿಂದ ತೆರೆದ ಬಾಗಿಲಲ್ಲಿ ಮರೆಯಾಯಿತು.

ಮೊಬೈಲಿನಲ್ಲಿ ಮತ್ತೊಂದು ಚಿತ್ರ ಹೊಡೆದು, ವೀರನು ಬೀಗರೂ ನೆಂಟರೂ ತುಂಬಿದ ಕುಟುಂಬದ ವಾಟ್ಸಾಪ್ ಗ್ರೂಪಿಗೆ ವಿಜಯಶಾಸನ ಹೊರಡಿಸಿದನು: “ಯಾವ ಬಸ್ಸೂ ಮುಟ್ಟದ ಗುಪ್ತ ದೇಗುಲ. ಶೋಧನೆ: ವೀರಭದ್ರಪ್ಪ.” ಎದೆ ಉಬ್ಬಿತು. ದುಬೈ ತಪ್ಪಿತು, ಟೋಪಿ ತಪ್ಪಿತು, ಮಾವನ ಮನೆಯಲ್ಲಿ ಇನ್ನು ತುಪ್ಪ ಮೊದಲು ಬೀಳುವುದು ತನ್ನ ಹೋಳಿಗೆಗೇ. ನಿಜವಾಗಿ ಹೇಳುತ್ತೇವೆ, ಆ ಒಂದು ಗಳಿಗೆ ಅವನಷ್ಟು ಸುಖಿ ಯಾರೂ ಇರಲಿಲ್ಲ.

ಮೊಬೈಲು ಟಿಣ್ ಎಂದಿತು. ಗೌಡರ ಧ್ವನಿಸಂದೇಶ.

“ತಮ್ಮಾ, ಫೋಟೋ ಭಾಳ ಚಂದ ಬಂದೈತಿ. ಹೋದ ವರ್ಷ ನಮ್ಮ ಬಸ್ ಕೆಳಗ ನಿಂದರಿಸಿ, ಎಲ್ಲಾರ್ನೂ ಇಲ್ಲೇ ಕರಕೊಂಡ್ ಬಂದಿದ್ರು. ಒಳಗ ಭಾಳ ಸ್ವಚ್ಛ ಇಟ್ಟಾರ ನೋಡು. ಆ ಮುದುಕಿ ಅದಾಳೇನು ಇನ್ನೂ?”

ಹಿಂದೆಯೇ ಚಿತ್ರವೂ ಬಂತು: ನೀಲಿ ಬಾಗಿಲ ಮುಂದೆ ಉದ್ದದ ಸಾಲು, ಸಾಲಿನ ತುಂಬ ಕಿತ್ತಳೆ ಟೋಪಿಗಳು, ಎಲ್ಲರಿಗಿಂತ ಮುಂದೆ ಕಾಲು ಬಿಗಿಹಿಡಿದು ನಗುತ್ತಿರುವ ಚನ್ನವೀರಗೌಡರು.

ಕಸ್ತೂರಿ ಹೊರಬಂದಳು. ಮುಖದಲ್ಲಿ ಅದೇ ಪರಮಶಾಂತಿ. ಗಂಡನ ಕೈಯೊಳಗಿನ ಚಿತ್ರ ನೋಡಿದಳು, ಗಂಡನನ್ನು ನೋಡಿದಳು, ನಗಲಿಲ್ಲ. ಮಹಾಪತಿವ್ರತೆ ಎಂದರೆ ಹಾಗಿರಬೇಕು.

“ನಿಮ್ಮ ತಲಿ ದೊಡ್ಡದೈತಿ,” ಎಂದಳು. “ಟೋಪಿ ಸೈಜ್ ಈಗ ಹೇಳಿಟ್ಟಬಿಡ್ರಿ.”

ದೀರ್ಘಲೆನ್ಸಬಾಹುವು ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿ, ಜೇಬಿನಲ್ಲಿ ಚಿಲ್ಲರೆ ತಡಕಿ, ಮುದುಕಿಗೆ ತಲೆಬಾಗಿ, ಸಾಲಿನ ಕೊನೆಯಲ್ಲಿ ಹೋಗಿ ನಿಂತನು. ಬೆಳಿಗ್ಗೆಯಿಂದ ಅವನೂ ತಡೆದುಕೊಂಡೇ ಇದ್ದನು.

ಈ ಚರಿತೆಯನ್ನು ಓದಿದವರಿಗೂ ಕೇಳಿದವರಿಗೂ, ಪರದೇಶದ ಓಣಿಗಳಲ್ಲಿ, ಬೇಕಾದ ಹೊತ್ತಿಗೆ ಬೇಕಾದ ಬಾಗಿಲು ಕಾಣಿಸಲಿ.