ಅತ್ತೆಯ ಹುಬ್ಬಿಗೆ ಪ್ಲ್ಯಾನ್ ಸ್ಯಾಂಕ್ಷನ್

ತನ್ನ ಮುಖದ ರಿಪೇರಿಗೆ ಕೊಟೇಷನ್ ಕೇಳಿದ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಆಕೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜಯನಗರದ ಕ್ಲಿನಿಕ್ಕಿಗೆ ಹತ್ತಾರು ಸಲ ಅಲೆದಿದ್ದೇನೆ. ಆಕೆ ಬೇರೆ ಯಾರೂ ಅಲ್ಲ, ನಮ್ಮಪ್ಪನ ಒಡಹುಟ್ಟಿದ ತಂಗಿ, ನನ್ನ ಸೋದರತ್ತೆ. ಈ ಭೂಮಿಯ ಮೇಲೆ ನನ್ನ ಭಾನುವಾರಗಳನ್ನು ಹಾಳುಮಾಡುವ ಸಂಪೂರ್ಣ ಹಕ್ಕು ಇರುವುದು ಅವರೊಬ್ಬರಿಗೇ.

ಅತ್ತೆಯನ್ನು ಕೊಟ್ಟದ್ದು ಹೊಸಕೆರೆಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆಗೆ. ನೋಡನೋಡುತ್ತ ರಾಗಿ ಹೊಲ ಹೋಗಿ ಸೈಟುಗಳಾದವು, ಕತ್ರಿಗುಪ್ಪೆಯ ಪಾಲಿನಲ್ಲಿ ಅತ್ತೆ ಮಾವ ಸಾಲಾಗಿ ಬಾಡಿಗೆ ಮನೆಗಳನ್ನು ಕಟ್ಟಿಸಿದರು. ಅಂದಿನಿಂದ ಅತ್ತೆ ರಾಗಿ ಬಿಟ್ಟು ಬಾಡಿಗೆದಾರರನ್ನು ಬೆಳೆಯತೊಡಗಿದರು. ಇಡೀ ಜಗತ್ತನ್ನು ಆಕೆ ನೋಡುವುದೇ ಓನರ್ ಕಣ್ಣಿನಿಂದ. ನಮ್ಮಪ್ಪನಿಗೆ ಮಂಡಿನೋವು ಬಂದಾಗ "ಪಿಲ್ಲರ್ ವೀಕ್ ಆಗೈತೆ" ಎಂದರು. ನಮ್ಮ ಚಿಕ್ಕಪ್ಪನ ಕೂದಲು ಉದುರಿದಾಗ "ತಾರಸಿ ಖಾಲಿ ಬಿದ್ದೈತೆ, ಏನಾರಾ ಶೀಟ್ ಹಾಕ್ಸಪ್ಪ" ಎಂದು ಸಲಹೆ ಕೊಟ್ಟರು. ಇಂಥವರಿಗೆ ಸ್ವಂತ ಮುಖದ ವಿಷಯದಲ್ಲಿ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ಇದೆಲ್ಲ ಶುರುವಾದದ್ದು ಮಾವನ ಕಣ್ಣಿನಿಂದ. ಎರಡೂ ಕಣ್ಣಿಗೆ ಪೊರೆ ಬಂದು ಐದಾರು ವರ್ಷವಾಗಿತ್ತು. ಮನುಷ್ಯರೆಲ್ಲ ಮಂಜಿನೊಳಗೆ ಓಡಾಡುವ ಗೋಣಿಚೀಲಗಳಂತೆ ಕಾಣುತ್ತಿದ್ದರಂತೆ. ಆಪರೇಷನ್ ಎಂದರೆ ಮಾತ್ರ, "ಇರೋ ಒಸಿ ಬೆಳಕ್ನೂ ಕಿತ್ಕಂಡ್ರೆ?" ಎಂದು ಜಗ್ಗುತ್ತಿರಲಿಲ್ಲ. ಕೊನೆಗೊಂದು ದಿನ ರಸ್ತೆಬದಿ ನಿಂತಿದ್ದ ಕಾಂಕ್ರೀಟ್ ಮಿಕ್ಸರನ್ನು ತಮ್ಮ ದಾಯಾದಿಯೆಂದು ತಿಳಿದು, ನಿಂತು, ಅದರ ಮಗಳ ಮದುವೆಯ ವಿಷಯ ವಿಚಾರಿಸಿ, ಉತ್ತರ ಬರಲಿಲ್ಲವೆಂದು ಸಿಟ್ಟು ಮಾಡಿಕೊಂಡು ಮನೆಗೆ ಬಂದರು. "ಎಷ್ಟು ಜಂಬ ಬಂದೈತೆ ಅವ್ನಿಗೆ!" ಎಂದರು. ವಿಷಯ ಗೊತ್ತಾಗಿ ಇಡೀ ಕತ್ರಿಗುಪ್ಪೆ ನಕ್ಕಿತು. ಆ ನಗುವಿಗೆ ಹೆದರಿ ಮಾವ ಒಪ್ಪಿದರು. ಯುಗಾದಿ ಕಳೆದ ಮೇಲೆ ಮೊದಲ ಕಣ್ಣಿನ ಆಪರೇಷನ್ ಎಂದು ನಿಶ್ಚಯವಾಯಿತು.

ಅವತ್ತೇ ಸಂಜೆ ಅತ್ತೆ ಕನ್ನಡಿಯ ಮುಂದೆ ನಿಂತರು. ಕೆನ್ನೆ ಎಳೆದು ನೋಡಿಕೊಂಡರು, ಬಿಟ್ಟು ನೋಡಿಕೊಂಡರು. ಹುಬ್ಬು ಇರಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಎಳೆದ ಎರಡು ಗೆರೆಗಳಿದ್ದವು. ನಿಜವಾದ ಹುಬ್ಬು ಯಾವತ್ತೋ ಉದುರಿ ಹೋಗಿತ್ತು.

"ಇವ್ರಿಗೆ ಕಣ್ ಕಾಣ್ತಿದ್ದಾಗ ನನ್ ಮುಖ ಹಿಂಗಿತ್ತೇನೇ?" ಎಂದು ಹಿಂದೆ ನಿಂತಿದ್ದ ನನ್ನನ್ನು ಕೇಳಿದರು.

"ಸ್ವಲ್ಪ ಹಿಂಗೇ ಇತ್ತು ಅತ್ತೆ."

"ಸುಳ್ ಹೇಳ್ಬೇಡ. ಓನರ್ ಬಂದ್ ನೋಡ್ದೇ ಇದ್ರೆ ಮನೆ ಹಿಂಗೇ ಆಗೋದು. ಎಲ್ಲಾ ಕಡೆ ಬಿರುಕು!" ಆಮೇಲೆ ದನಿ ತಗ್ಗಿಸಿದರು. "ಪಟ್ಟಿ ಬಿಚ್ಚಿದಾಗ ಅವ್ರು 'ಯಾರವ್ವ ನೀನು' ಅಂದ್ಬುಟ್ರೆ ಏನೇ ಮಾಡ್ಲಿ? ಅಷ್ಟೊತ್ಗೆ ಇದು ಮೊದಲ್ನಂಗೆ ಆಗ್ಬೇಕು. ಅವ್ರಿಗೆ ಮಾತ್ರ ತಿಳೀಬಾರ್ದು."

ಉಪಾಯ ಹೇಳಿಕೊಟ್ಟವಳು ಮೂರನೇ ಮನೆಯ ಬಾಡಿಗೆ ಹುಡುಗಿ. ವಿಜಾಪುರದ ಕಡೆಯವಳು, ಬಿಟಿಎಂ ಲೇಔಟಿನ ಆಫೀಸಿನಲ್ಲಿ ಕೆಲಸ. "ಈಗ ಎಲ್ಲಾ ಆಗತೈತ್ರಿ ಅಕ್ಕಾರ. ಮಷಿನ್ ಇಟ್ಟು ಚರ್ಮಾ ಬಿಗಿ ಮಾಡ್ತಾರ. ಹುಬ್ಬು ಸೂಜೀಲೆ ಬರದು ಕೊಡ್ತಾರ, ಎರಡು ವರ್ಷ ಅಳಸೂದಿಲ್ರಿ."

"ನೀರು ಬಿದ್ರೂ?"

"ನೀರು ಬಿದ್ರೂ ರೀ."

"ಹಂಗಾರೆ ಸುಣ್ಣ ಅಲ್ಲ, ಎಮಲ್ಷನ್ ಅನ್ನು!" ಎಂದ ಅತ್ತೆಯ ಮುಖ ಅಲ್ಲೇ ಅರ್ಧ ಬಿಗಿಯಾಯಿತು.

ಕ್ಲಿನಿಕ್ಕಿನಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ನಿಮ್ಮ ಎಕ್ಸ್‌ಪೆಕ್ಟೇಷನ್ ಏನು ಮೇಡಂ?" ಎಂದು ನಗುತ್ತ ಕೇಳಿದಳು.

"ಬಿರುಕು ಮುಚ್ಚಿ ಎರಡು ಕೋಟ್ ಹೊಡೀಬೇಕು. ಮೆಟೀರಿಯಲ್ ನಿಮ್ದೇ ಅಲ್ವಾ? ಗ್ಯಾರಂಟಿ ಎಷ್ಟು ವರ್ಷ? ಒಂದ್ ಕೊಟೇಷನ್ ಬರ್ಕೊಡಿ."

"ಮೇಡಂ, ಇದು ಮುಖ..."

"ಮುಖ ಅಂತಾನೇ ನಿಮ್ಮತ್ರ ಬಂದಿರೋದು. ಗೋಡೆ ಆಗಿದ್ರೆ ನಮ್ ಮೇಸ್ತ್ರೀನೇ ಸಾಕಾಗಿತ್ತು!"

ಡಾಕ್ಟರಮ್ಮ ಚಿಕಿತ್ಸೆಗೆ ಮೊದಲಿನ ತಯಾರಿಯನ್ನು ವಿವರಿಸಿದಳು. ಬಿಸಿಲಿಗೆ ಹೋಗಬಾರದು, ಮುಖಕ್ಕೆ ಅರಿಶಿನ ಹಚ್ಚಬಾರದು, ಪೌಡರ್ ಬೇಡ, ಹುಬ್ಬಿಗೆ ಕೈ ಹಾಕಬಾರದು, ನೀರು ಚೆನ್ನಾಗಿ ಕುಡಿಯಬೇಕು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಸಲಹೆ ಎಂದುಕೊಳ್ಳುತ್ತಿದ್ದರು. ಅತ್ತೆ ವ್ರತ ಎಂದುಕೊಂಡರು. ಹಿಡಿದ ವ್ರತದಲ್ಲಿ ಅರ್ಧಂಬರ್ಧ ಎಂಬುದು ಅವರಿಗೆ ಗೊತ್ತೇ ಇಲ್ಲ.

ಮನೆಯ ನಡುವೆ ಗಾಜಿನ ಹೆಂಚಿನಿಂದ ಒಂದು ಅಂಗೈಯಗಲ ಬಿಸಿಲು ಬೀಳುತ್ತಿತ್ತು. ಅದನ್ನು ದಾಟಲು ಅತ್ತೆ ಕೊಡೆ ಬಿಚ್ಚುತ್ತಿದ್ದರು. ದಾಟಿದ ಮೇಲೆ ಮಡಚುತ್ತಿದ್ದರು. ಅಡುಗೆಮನೆಯಿಂದ ದೇವರಮನೆಗೆ, ದೇವರಮನೆಯಿಂದ ಅಡುಗೆಮನೆಗೆ, ದಿನವಿಡೀ ಟಪ್, ಟಪ್ ಎಂದು ಕೊಡೆಯ ಸದ್ದು! ತರಕಾರಿ ಗಾಡಿ ಬಂದರೆ ಕಿಟಕಿಯಿಂದಲೇ ಕೋಲಿಗೆ ಸಿಕ್ಕಿಸಿದ ಬುಟ್ಟಿ ಚಾಚುತ್ತಿದ್ದರು. ಮುಖ ಕಾಣದೆ ಚೌಕಾಸಿ ಸಾಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ತರಕಾರಿಯವನು ಬಾಡಿದ ಬೀನ್ಸನ್ನೆಲ್ಲ ಆ ಬುಟ್ಟಿಗೇ ತುಂಬಿದನು.

ಪಕ್ಕದ ಬೀದಿಯ ಸೀಮಂತದಲ್ಲಿ ಅರಿಶಿನ ಕೊಡಲು ಬಂದರೆ ಅತ್ತೆ ಮುಖ ಹಿಂದಕ್ಕೆ ಎಳೆದುಕೊಂಡು, "ಕೈಗೆ ಕೊಟ್ಬುಡವ್ವ, ಕೆನ್ನೆ ಕೆಲಸ ನಡೀತೈತೆ" ಎಂದರು. ಮಾರನೆಯ ದಿನ ಹೊಸಕೆರೆಹಳ್ಳಿಯಲ್ಲಿ ಕೆನ್ನೆಗೆ ಏಟು ಬಿದ್ದ ಗಂಡ ಹೆಂಡಿರ ಜಗಳವೆಂದೂ, ಇಟ್ಟಮಡುವಿಗೆ ಬರುವಷ್ಟರಲ್ಲಿ ಅತ್ತೆ ತವರಿಗೆ ಹೊರಟುಹೋದರೆಂದೂ ಸುದ್ದಿಯಾಯಿತು. ನಮ್ಮ ಮನೆಗೆ ಸಮಾಧಾನ ಹೇಳಲು ಜನ ಬಂದರು. ಅವರಿಗೆಲ್ಲ ಕಾಫಿ ಮಾಡಿಕೊಟ್ಟವಳು ನಾನು.

ಇಷ್ಟೆಲ್ಲ ನಡೆಯುವಾಗ ಮಾವ ಏನೆಂದುಕೊಂಡಿದ್ದರು ಗೊತ್ತೇ? ತಮ್ಮ ಕಣ್ಣಿಗಾಗಿ ಹೆಂಡತಿ ಹರಕೆ ಹೊತ್ತಿದ್ದಾಳೆ ಎಂದು! ಜಗಲಿಯಲ್ಲಿ ಕೂತು ಬಂದುಹೋದವರಿಗೆಲ್ಲ, "ನನ್ ಕಣ್ ಬರ್ಲಿ ಅಂತ ಇವ್ಳು ಬಿಸ್ಲು ಬುಟ್ಟವ್ಳೆ, ಅರಿಶಿಣ ಬುಟ್ಟವ್ಳೆ. ಯಾವ ದೇವ್ರೋ ಹೇಳ್ತಿಲ್ಲ" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದರು. ಜಯನಗರದ ದೇವರು ಎಂದು ನನ್ನ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದೆ.

ಚರ್ಮ ಬಿಗಿ ಮಾಡುವ ಮಷಿನ್ನಿನ ಸರದಿ ಮೊದಲು ಬಂತು. ಸ್ಯಾಂಪಲ್ ತೋರಿಸದೆ ಅತ್ತೆ ಯಾವ ಪೇಂಟರನ್ನೂ ಒಪ್ಪಿದವರಲ್ಲ, ಹಾಗಾಗಿ ಬಲಗೆನ್ನೆಗೆ ಮಾತ್ರ ಮಾಡಿಸಿಕೊಂಡರು. ಬಿಸಿಬಿಸಿ ರೋಲರ್ ಕೆನ್ನೆಯ ಮೇಲೆ ಓಡಾಡುವಾಗ, "ಇಸ್ತ್ರಿ ಮಾಡ್ತಿದೀರಲ್ಲವ್ವ, ಗಂಜಿ ಹಾಕಲ್ವಾ?" ಎಂದು ಕೇಳಿದರು. ಮನೆಗೆ ಬಂದವರೇ ಬಾಡಿಗೆದಾರರನ್ನೆಲ್ಲ ಅಂಗಳಕ್ಕೆ ಕರೆದು, ಕೊಡೆಯ ನೆರಳಿನಲ್ಲಿ ಕೂತು, ಯಾವ ಕೆನ್ನೆ ಮೇಲಿದೆ ಹೇಳಿ ಎಂದರು. ಬಾಡಿಗೆ ಬಾಕಿ ಇದ್ದವರೆಲ್ಲ ಒಂದೇ ದನಿಯಲ್ಲಿ ಬಲಗೆನ್ನೆ ಎಂದರು. ವಿಜಾಪುರದ ಹುಡುಗಿ ಮಾತ್ರ ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿ, "ಎರಡೂ ಅಷ್ಟ ಕಾಣತಾವ್ರಿ" ಎಂದುಬಿಟ್ಟಳು.

ಅತ್ತೆ ಕ್ಲಿನಿಕ್ಕಿಗೆ ಫೋನು ಹಚ್ಚಿದರು. ಬಿಗಿ ಕಾಣಿಸಲು ಮೂರು ತಿಂಗಳಾದರೂ ಬೇಕು ಎಂದಳು ಡಾಕ್ಟರಮ್ಮ.

"ಮೂರು ತಿಂಗಳಾ? ಅಷ್ಟೊತ್ಗೆ ಅವ್ರಿಗೆ ಇದೇ ಮುಖ ಅಭ್ಯಾಸ ಆಗೋಗಿರ್ತದೆ!" ಎಂದು ಅತ್ತೆ ರಿಸೀವರ್ ಕುಕ್ಕಿದರು. ಬಿಗಿ ಮಾಡಿಸುವ ಕೆಲಸ ಅಲ್ಲಿಗೇ ನಿಂತಿತು. ಈಗ ಉಳಿದದ್ದು ಹುಬ್ಬು ಒಂದೇ. ಅದಾದರೂ ಮೊದಲಿನ ಹಾಗಿದ್ದರೆ ಗುರುತು ಸಿಗುತ್ತದೆ ಎಂಬ ಹಟ ಹತ್ತಿತು.

ಹುಬ್ಬು ಬರೆಯುವ ಹುಡುಗಿ ಆಲ್ಬಮ್ ತೆರೆದಿಟ್ಟಳು. ಕತ್ತಿಯಂಥ ಹುಬ್ಬು, ಕಮಾನಿನಂಥ ಹುಬ್ಬು, ಸದಾ ಆಶ್ಚರ್ಯಪಡುವ ಹುಬ್ಬು. ಅತ್ತೆಗೆ ಯಾವುದೂ ಬೇಡ. "ನನ್ದು ಹೆಂಗಿತ್ತೋ ಹಂಗೇ ಬೇಕು" ಎಂದರು. ಹಾಗಾದರೆ ಹಳೆಯ ಫೋಟೊ ತನ್ನಿ ಎಂದಳು ಹುಡುಗಿ. ಅತ್ತೆಯ ಹರೆಯದ ಫೋಟೊ ಇದ್ದದ್ದು ಒಂದೇ ಒಂದು, ಮದುವೆಯದು. ಗೋಡೆಯಿಂದ ಇಳಿಸಿ, ಧೂಳು ಒರೆಸಿ ನೋಡಿದರೆ ಹುಬ್ಬೇ ಇಲ್ಲ! ಹಣೆಗೆ ಕಟ್ಟಿದ ಬಾಸಿಂಗ ಜಾರಿ ಕಣ್ಣಿನವರೆಗೂ ಇಳಿದಿತ್ತು. ಅದರ ಕೆಳಗೆ ಒಂದು ಮೂಗು, ಹೆದರಿದ ಎರಡು ಕಣ್ಣು, ಅಷ್ಟೇ.

ನಮ್ಮಪ್ಪನನ್ನು ಕೇಳಿದೆ. ಒಟ್ಟಿಗೆ ಬೆಳೆದವರಲ್ಲವೇ? "ಅವಳ ಹುಬ್ಬಾ? ಅವಳ ಬಾಯಿ ಮುಂದೆ ಹುಬ್ಬು ಯಾರಮ್ಮ ನೋಡಿದ್ರು?" ಎಂದರು ಅಪ್ಪ.

ಕೊನೆಗೆ ಉಳಿದವರು ಒಬ್ಬರೇ. ಗೊತ್ತಾಗಬಾರದವರೂ ಅವರೇ. ಈ ಕೆಲಸವೂ ನನ್ನ ತಲೆಗೇ ಬಂತು. ಮಾವ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಮೊರದ ತುಂಬ ಜರಡಿ ಹಿಡಿದ ರಾಗಿ ಹಿಟ್ಟು. ನಾನು ಗಾಳಿಯಲ್ಲಿ ಮಾತು ಬಿಡುವವಳ ಹಾಗೆ, "ಮಾವ, ಅತ್ತೆ ಚಿಕ್ಕವರಿದ್ದಾಗ ಹುಬ್ಬು ಹೇಗಿತ್ತು?" ಎಂದೆ.

ಮಾವ ಯಾಕೆಂದು ಕೇಳಲಿಲ್ಲ. ಲೋಟ ಕೆಳಗಿಟ್ಟರು. ಕೈಯಾಡಿಸಿ ಮೊರ ಹುಡುಕಿ, ಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ನಿಧಾನವಾಗಿ ಒಂದು ಗೆರೆ ಎಳೆದರು. ಅದರ ಪಕ್ಕ ಇನ್ನೊಂದು. ಎರಡನೆಯ ಗೆರೆ ತುದಿ ಮುಟ್ಟುವ ಮೊದಲೇ ಬೆರಳು ಎತ್ತಿ, ಒಂದು ಕಾಳಿನಷ್ಟು ಜಾಗ ಬಿಟ್ಟು, ಮತ್ತೆ ಎಳೆದರು.

"ಇಲ್ಲೊಂದು ಗ್ಯಾಪ್ ಐತೆ. ಮದುವೆ ಆದ ಹೊಸ್ದು, ಕೆರೆ ಏರಿ ಮೇಲೆ ಸೈಕಲ್ ಕಲಿಸ್ತಿದ್ದೆ. ಹಿಡ್ಕಂಡಿದೀನಿ ಕಣೇ, ತುಳಿ ಅಂತ ಹೇಳಿ ಕೈ ಬುಟ್ಬುಟ್ಟೆ. ಕಲ್ಲಿಗೆ ಬಿದ್ಲು. ಆಮ್ಯಾಕೆ ಅಲ್ಲಿ ಕೂದ್ಲೇ ಬರ್ಲಿಲ್ಲ. ದಿನಾ ಕಾಡಿಗೆ ತುಂಬಿ ಮುಚ್ಚೋಳು. ನಂಗ್ ಗೊತ್ತಿಲ್ಲ ಅನ್ಕಂಡವ್ಳೆ. ನಾನೂ ನೋಡ್ದೇ ಇರೋನಂಗೆ ಇದ್ಬುಟ್ಟೆ." ಬೆರಳಿನ ಹಿಟ್ಟು ಒರೆಸಿಕೊಳ್ಳುತ್ತ, "ಅವಳ ಮುಖ ನೆಪ್ಪು ಮಾಡ್ಕಂಡ್ರೆ ಮೊದ್ಲು ಬರೋದು ಅದೇ" ಎಂದರು.

ಬಾಗಿಲ ಹಿಂದೆ ಟಪ್ ಎಂದು ಕೊಡೆ ಮುಚ್ಚಿದ ಸದ್ದಾಯಿತು. ಅತ್ತೆ ಅಲ್ಲೇ ನಿಂತಿದ್ದರು.

ಕ್ಲಿನಿಕ್ಕಿಗೆ ಹೊರಡುವಾಗ ಅತ್ತೆ ಹೊಸ ಹಟ ಹಿಡಿದರು. ನಾನು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ ಎಂದರೆ ಕೇಳಲಿಲ್ಲ. ಒರಿಜಿನಲ್ ಪ್ಲ್ಯಾನೇ ತೋರಿಸಬೇಕಂತೆ! ರಾಗಿ ಹಿಟ್ಟಿನ ಮೊರವನ್ನೇ ತೊಡೆಯ ಮೇಲಿಟ್ಟುಕೊಂಡು, ಸೆರಗು ಮುಚ್ಚಿ, ಸ್ಕೂಟರ್ ಹತ್ತಿದರು. ಬನಶಂಕರಿಯ ಮೊದಲ ರೋಡ್ ಹಂಪಿನಲ್ಲೇ ಪ್ಲ್ಯಾನ್ ಗಾಳಿಗೆ ಎದ್ದಿತು. ನನ್ನ ಬೆನ್ನು, ಅವರ ಮುಖ, ಹಿಂದೆ ಬರುತ್ತಿದ್ದ ಆಟೋದವನ ಗಾಜು, ಎಲ್ಲ ರಾಗಿಮಯ. "ಮೇಡಂ, ಮುಖಕ್ಕೆ ಪೌಡರ್ ಹಾಕ್ಬೇಡಿ ಅಂದಿದ್ವಲ್ಲ?" ಎಂದು ಕ್ಲಿನಿಕ್ಕಿನ ಹುಡುಗಿ ಬೇಜಾರು ಮಾಡಿಕೊಂಡಳು.

ಮುಖ ತೊಳೆಸಿ, ಅತ್ತೆಯ ಬಾಯಿಮಾತಿನ ಮೇಲೆ ಪೆನ್ಸಿಲ್ಲಿನಲ್ಲಿ ಹುಬ್ಬಿನ ಗುರುತು ಹಾಕಿದಳು. ಎಡಹುಬ್ಬಿನ ತುದಿಯ ಹಳೆ ಗಾಯದ ಗುರುತನ್ನು ಕಂಡು, "ಈ ಗ್ಯಾಪನ್ನ ಫ್ರೀಯಾಗೇ ತುಂಬ್ಕೊಡ್ತೀನಿ ಮೇಡಂ" ಎಂದಳು.

ಫ್ರೀ! ಮಾರ್ಕೆಟ್ಟಿನಲ್ಲಿ ಫ್ರೀ ಕೊತ್ತಂಬರಿ ಕೊಡಲಿಲ್ಲವೆಂದು ಕೊಂಡ ತರಕಾರಿಯನ್ನೇ ವಾಪಸು ಸುರಿದು ಬಂದ ನಮ್ಮ ಅತ್ತೆ, "ಬೇಡ. ಅದನ್ನ ಹಂಗೇ ಬುಡು" ಎಂದರು.

"ಚೆನ್ನಾಗಿ ಕಾಣಲ್ಲ ಮೇಡಂ."

"ಪ್ಲ್ಯಾನ್‌ನಾಗೆ ಹೆಂಗೈತೋ ಹಂಗೇ ಕಟ್ಟವ್ವ. ಒಂದಿಂಚೂ ಡೀವಿಯೇಷನ್ ಬೇಡ."

ಈ ಮಾತು ಹೇಳಿದವರು ಮಂಜೂರಾದ ಪ್ಲ್ಯಾನಿನಲ್ಲಿ ಇಲ್ಲದ ಇಡೀ ಒಂದು ಮಹಡಿಯ ಒಡತಿ ಎಂಬುದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಆಪರೇಷನ್ನಿನ ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಅತ್ತೆ ಹೊಸ ಹುಬ್ಬಿನೊಂದಿಗೆ, ಕಂಕುಳಲ್ಲಿ ಕೊಡೆ ಅವುಚಿಕೊಂಡು ಮಂಚದ ಕಾಲ ಬಳಿ ನಿಂತಿದ್ದರು. ಡಾಕ್ಟರು ಬೆರಳು ತೋರಿಸಿ, "ಎಷ್ಟು ಹೇಳಿ ಯಜಮಾನ್ರೇ?" ಎಂದರು. ಮಾವ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ಆಚೆ ನಿಂತಿದ್ದ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದರು. ಆಮೇಲೆ ಬೆರಳೆತ್ತಿ ತಮ್ಮದೇ ಹುಬ್ಬಿನ ತುದಿಯನ್ನು ಮುಟ್ಟಿ ತೋರಿಸಿದರು.

"ಇವತ್ತು ಮುಚ್ಚಿಲ್ವಲ್ಲೇ?"

ಅತ್ತೆ ಇಲ್ಲವೆಂದು ತಲೆಯಾಡಿಸಿದರು.

"ಕೆನ್ನೆ ಮ್ಯಾಲೆ ಇವೆಲ್ಲಾ ಗೆರೆ ಯಾವಾಗ ಬಂದ್ವು?"

"ನೀವು ನೋಡ್ದೇ ಇದ್ದಾಗ ಕಣ್ರೀ."

"ಇನ್ಮ್ಯಾಕೆ ನೋಡ್ಕಂಡಿರ್ತೀನಿ ಬುಡು" ಎಂದರು ಮಾವ.

ಕಣ್ಣಿಗೆ ಒಂದು ಹನಿ ನೀರೂ ಸೋಕಬಾರದು ಎಂದು ಡಾಕ್ಟರು ಮಾವನಿಗೆ ಹೇಳುತ್ತಲೇ ಇದ್ದರು. ಅತ್ತೆಗೆ ಹೇಳುವವರು ಯಾರೂ ಇರಲಿಲ್ಲ. ಅವರು ಆ ಆಸ್ಪತ್ರೆಯ ಕೋಣೆಯೊಳಗೇ ಟಪ್ ಎಂದು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಕೊಡೆ ಗಡಗಡ ಅಲುಗುತ್ತಿತ್ತು. ನರ್ಸು ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

"ಅದನ್ನ ತಗಿಯೇ" ಎಂದರು ಮಾವ. "ಐದಾರು ವರ್ಸ ಆಯ್ತು, ಒಸಿ ನೋಡಕ್ ಬುಡು."