ಕಿಟಕಿ ಮುಚ್ಚತಕ್ಕದ್ದು

ಹೆಂಡತಿ: ಆಗಲ್ಲ ಅಂದ್ರೆ ಆಗಲ್ಲ. ಸತ್ರೂ ಸಹಿ ಹಾಕಲ್ಲ.

ಜಡ್ಜ್: ಒಂಬತ್ತು ಗಂಟೆ ಆಯ್ತು ಕಣೇ! ಹತ್ತಕ್ಕೆ ನಾನು ತರಬೇತಿ ಕೇಂದ್ರದಲ್ಲಿರಬೇಕು.

ಹೆಂಡತಿ: ಇರಿ. ನಾನೇನು ಬಾಗಿಲಿಗೆ ಅಡ್ಡ ಮಲಗಿದ್ದೀನಾ?

ಜಡ್ಜ್: ನಿನ್ನ ಸಹಿ ಇಲ್ದೆ ಹೋದ್ರೆ ಆ ಮೇಡಂ ನನ್ನನ್ನ ಮತ್ತೆ ಒಂದನೇ ಪಾಠದಿಂದ ಕೂರಿಸ್ತಾರೆ!

ಪಾಪ, ಜಡ್ಜ್ ಸಾಹೇಬರು ಸುಳ್ಳು ಹೇಳುತ್ತಿರಲಿಲ್ಲ. ಹದಿನಾರು ವರ್ಷದ ನೌಕರಿಯಲ್ಲಿ ಅವರು ಬರೆದ ತೀರ್ಪುಗಳಿಗೆಲ್ಲ ಉದ್ದ ಎರಡೇ ಪದ: ಅರ್ಜಿ ವಜಾ. ಯಾಕಪ್ಪಾ ವಜಾ ಅಂತ ಕೇಳಿದವರಿಗೆ ದೇವರೇ ಗತಿ. ಅದಕ್ಕೇ ಮೇಲಿನವರು ಅವರನ್ನು ಹಿಡಿದು ತೀರ್ಪು ಬರೆಯುವ ತರಬೇತಿಗೆ ಅಟ್ಟಿದ್ದರು. ಅಲ್ಲಿ ಪಾಠ ಹೇಳುವ ಮೇಡಂ ಮಹಾ ಗಟ್ಟಿಗಿತ್ತಿ. ಮನೆಯದೇ ಒಂದು ಜಗಳ ತಗೊಂಡು ಕಾರಣ ಕೊಟ್ಟು ತೀರ್ಪು ಬರೆಯಿರಿ, ಕೆಳಗೆ ಸೋತವರಿಂದ 'ಸೋತಿದ್ದೇನೆ, ಯಾಕೆ ಸೋತೆ ಎಂದು ಅರ್ಥವಾಗಿದೆ' ಅಂತ ಸಹಿ ಹಾಕಿಸಿಕೊಂಡು ಬನ್ನಿ ಅಂದಿದ್ದರು. ಎರಡು ಸಲ ಸಾಹೇಬರ ಹಾಳೆ 'ಕಾರಣ ಎಲ್ಲಿ?' ಅನ್ನುವ ಕೆಂಪು ಶಾಯಿ ಹೊತ್ತು ವಾಪಸ್ ಬಂದಿತ್ತು. ಇದು ಕೊನೆಯ ಅವಕಾಶ. ಇದೂ ಕೈಕೊಟ್ಟರೆ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರ ಜೊತೆ ಮತ್ತೆ ಮೊದಲ ಬೆಂಚು. ನೆನೆಸಿಕೊಂಡರೇ ಅವರಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಜಗಳಕ್ಕೇನೂ ಬರ ಇರಲಿಲ್ಲ. ಮುಂದಿನ ಕೋಣೆಯ ಕಿಟಕಿಯನ್ನು ಹೆಂಡತಿ ತೆಗೆಯುವುದು, ಅಮ್ಮ ಮುಚ್ಚುವುದು, ದಿನಕ್ಕೆ ಹತ್ತು ಸಲ. ಕಿಟಕಿಯ ಪಕ್ಕದಲ್ಲೇ ಅಮ್ಮನ ಮಂಚ, ಎದುರಿಗೆ ಸಾಹೇಬರ ಮೇಜು. ಸದ್ಯಕ್ಕೆ ಕಿಟಕಿ ಮುಚ್ಚಿತ್ತು.

ಹೆಂಡತಿ: ಓದ್ತೀನಿ, ನೀವೇ ಕೇಳಿ. "ಉಭಯ ಪಕ್ಷಗಳ ವಾದಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ." ಯಾವಾಗ ಪರಿಶೀಲಿಸಿದ್ರಿ?

ಜಡ್ಜ್: ಬೆಳಿಗ್ಗೆ.

ಹೆಂಡತಿ: ಬೆಳಿಗ್ಗೆ ನೀವು ಸೋಪು ಹಚ್ಕೊಂಡು ಕನ್ನಡಿ ಪರಿಶೀಲಿಸ್ತಿದ್ರಿ. ಅದೂ ಅರ್ಧಕ್ಕೇ ನಿಂತಿದೆ.

ಸಾಹೇಬರು ಕೆನ್ನೆ ಮುಟ್ಟಿಕೊಂಡರು. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯ ಮೇಲೆ ಸೋಪು ಒಣಗಿ ಬಿರುಕು ಬಿಟ್ಟಿತ್ತು.

ಹೆಂಡತಿ: ಮುಂದೆ. "ಅರ್ಜಿದಾರಳ ವಾದದಲ್ಲಿ ಹುರುಳಿಲ್ಲ. ಕಿಟಕಿ ಮುಚ್ಚತಕ್ಕದ್ದು." ನನ್ನ ವಾದ ಏನು ಅಂತಾನೇ ಬರೆದಿಲ್ಲ. ಅದರಲ್ಲಿ ಹುರುಳಿಲ್ಲ ಅಂತ ಹೇಗೆ ಗೊತ್ತಾಯ್ತು?

ಜಡ್ಜ್: ಹದಿನಾರು ವರ್ಷದ ಅನುಭವ!

ಹೆಂಡತಿ: ನಿಮ್ಮ ಜೊತೆ ನನ್ನದು ಇಪ್ಪತ್ತೆರಡು ವರ್ಷದ ಅನುಭವ. ನಾನೇ ಸೀನಿಯರ್.

ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಅಮ್ಮ ಕಿಸಕ್ಕನೆ ನಕ್ಕರು.

ಜಡ್ಜ್: ಅಮ್ಮಾ, ನೀನು ಗೆದ್ದವಳು. ಸೋತವರ ಕಡೆ ಸೇರ್ಕೊಂಡು ನಗಬಾರದು.

ಅಮ್ಮ: ನಾನು ಗೆದ್ನಾ? ಯಾವಾಗ? ಯಾರೂ ಹೇಳ್ಲೇ ಇಲ್ವಲ್ಲೋ!

ಜಡ್ಜ್: ಕಿಟಕಿ ಮುಚ್ಚಬೇಕು ಅಂತ ತೀರ್ಪು ಕೊಟ್ಟಿದ್ದೀನಿ. ನಿನ್ನ ನೆಗಡಿ ನೋಡ್ಕೊಂಡು.

ಅಮ್ಮ: ಯಾವ ನೆಗಡಿಯೋ? ಹೋದ ವರ್ಷದ್ದಾ?

ಹೆಂಡತಿ: ನೋಡಿ, ಸಾಕ್ಷಿ ಬಿದ್ದು ಹೋಯ್ತು.

ಜಡ್ಜ್: ಸರಿ ಮಾರಾಯ್ತೀ, ನಿನ್ನ ವಾದ ಹೇಳು, ಬರ್ಕೋತೀನಿ. ನಿನಗೆ ಗಾಳಿ ಯಾಕೆ ಬೇಕು?

ಹೆಂಡತಿ: ನನಗ್ಯಾಕ್ರೀ ಗಾಳಿ? ನಾನು ಹಗಲೆಲ್ಲ ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಇರ್ತೀನಿ. ಅಲ್ಲಿ ಎರಡು ಕಿಟಕಿ ಇದೆ. ಅತ್ತೆಗೆ ಇಲ್ಲಿ ಸೆಖೆ. ಬೆನ್ನೆಲ್ಲ ಬೆವರುಸಾಲೆ. ಅದಕ್ಕೇ ತೆಗೀತೀನಿ.

ಸಾಹೇಬರ ಪೆನ್ನು ನಿಂತಿತು.

ಜಡ್ಜ್: ಅಮ್ಮಾ, ನಿನಗೆ ಸೆಖೆನಾ?

ಅಮ್ಮ: ಬೆಂದು ಹೋಗ್ತಿದ್ದೀನಿ ಕಣಪ್ಪಾ.

ಜಡ್ಜ್: ಮತ್ತೆ ಯಾಕಮ್ಮಾ ಕಿಟಕಿ ಮುಚ್ತೀಯ?

ಅಮ್ಮ: ಅದೆಲ್ಲ ಈಗ್ಯಾಕೆ ಬಿಡು.

ಜಡ್ಜ್: ನ್ಯಾಯಾಲಯ ಕೇಳ್ತಿದೆ!

ಅಮ್ಮ: ನ್ಯಾಯಾಲಯ ಮೊದಲು ಟವಲ್ ಸರಿಯಾಗಿ ಸುತ್ಕೊಳ್ಳಲಿ.

ನ್ಯಾಯಾಲಯ ಗಡಬಡಿಸಿ ಟವಲ್ ಬಿಗಿ ಮಾಡಿಕೊಂಡಿತು.

ಅಮ್ಮ: ಕಿಟಕಿ ತೆಗೆದ್ರೆ ನಿನ್ನ ಕಾಗದ ಹಾರುತ್ತೆ. ಕಾಗದ ಹಾರಿದ್ರೆ ಮನೆಯೇ ಹಾರಿ ಹೋದ ಹಾಗೆ ಕೂಗಾಡ್ತೀಯ. ಇವಳು ಹೊಲಿಗೆ ಬಿಟ್ಟು ಓಡಿ ಬಂದು, ಮಂಚದ ಕೆಳಗೆಲ್ಲ ತೆವಳಿ ಆರಿಸ್ತಾಳೆ. ಮೊನ್ನೆ ಮಂಡಿ ತರಚ್ಕೊಂಡ್ಳು. ನನಗೆ ನೋಡಕ್ಕಾಗಲ್ಲಪ್ಪ, ಮುಚ್ಚಿಬಿಡ್ತೀನಿ.

ಹೆಂಡತಿ: ಅತ್ತೇ! ನನಗೋಸ್ಕರನಾ? ಎಂಥಾ ಹಟಮಾರಿ ಮುದುಕಿ ಅಂತ ಬೈಕೊಂಡು ಬೈಕೊಂಡು ತೆಗೀತಿದ್ನಲ್ಲ ನಾನು!

ಅಮ್ಮ: ಎಂಥಾ ಹಟಮಾರಿ ಸೊಸೆ ಅಂತ ಬೈಕೊಂಡೇ ನಾನೂ ಮುಚ್ತಿದ್ದೆ ಕಣೇ!

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಟಾಣಿ ಬುಟ್ಟಿ ಮಗುಚಿ ಕಾಳೆಲ್ಲ ನೆಲದ ತುಂಬಾ ಉರುಳಾಡಿದವು. ಸಾಹೇಬರಿಗೆ ಮಾತ್ರ ನಗು ಬರಲಿಲ್ಲ. ಅಮ್ಮ ಎರಡು ಮಾರು ದೂರದಲ್ಲಿ ಕೂತು ಬೇಯುತ್ತಿದ್ದಾಳೆ, ತಾನು ಒಂದು ದಿನವೂ ಕತ್ತೆತ್ತಿ ನೋಡಿಲ್ಲ. ನಾಚಿಕೆಯಾಯಿತು.

ಜಡ್ಜ್: ಹಾಗಾದ್ರೆ... ಈ ಕೇಸಲ್ಲಿ ಸೋತವರು ಯಾರು?

ಅತ್ತೆ ಸೊಸೆ ಇಬ್ಬರೂ ನಗು ನಿಲ್ಲಿಸಿ ಅವರನ್ನೇ ನೋಡಿದರು.

ಜಡ್ಜ್: ಛೆ ಛೆ! ನನ್ನ ಕೇಸಲ್ಲಿ ನಾನೇ ತೀರ್ಪು ಬರೆಯೋ ಹಾಗಿಲ್ಲ!

ಅಮ್ಮ: ನಿನ್ನ ಪರ ಬರ್ಕೊಂಡ್ರೆ ತಪ್ಪು. ನಿನ್ನ ವಿರುದ್ಧ ಬರ್ಕೊಂಡ್ರೆ ಯಾರಪ್ಪಾ ಬೇಡ ಅಂತಾರೆ?

ಸಾಹೇಬರು ಹೊಸ ಹಾಳೆ ಎಳೆದುಕೊಂಡು ಗಂಟಲು ಸರಿ ಮಾಡಿಕೊಂಡರು.

ಜಡ್ಜ್: "ಪ್ರಸ್ತುತ ಪ್ರಕರಣದ ಸಂಗತಿ ಸಂದರ್ಭಗಳನ್ನು ಸಮಗ್ರವಾಗಿ ಅವಲೋಕಿಸಲಾಗಿ, ಮೇಲ್ಕಂಡ..."

ಹೆಂಡತಿ: ನಿಲ್ಸಿ ನಿಲ್ಸಿ. ಸೋತವರಿಗೆ ಅರ್ಥ ಆಗಬೇಕಲ್ವಾ? ನಿಮಗೆ ಅರ್ಥ ಆಯ್ತಾ?

ಜಡ್ಜ್: ಇಲ್ಲ.

ಅಮ್ಮ: ಬಾಯಲ್ಲಿ ಹೇಳೋ. ಯಾಕೆ ಸೋತೆ?

ಜಡ್ಜ್: ಅಮ್ಮನಿಗೆ ಗಾಳಿ ಬೇಕಿತ್ತು. ಕಿಟಕಿ ತೆಗೆದ್ರೆ ನನ್ನ ಕಾಗದ ಹಾರ್ತಿತ್ತು. ಕಾಗದದ ಮೇಲೆ ಏನಾದ್ರೂ ಭಾರ ಇಡೋದು ಬಿಟ್ಟು ನಾನು ಕೂಗಾಡ್ತಿದ್ದೆ. ನನ್ನ ಕೂಗಾಟಕ್ಕೆ ಮನೆಯವರು ಕಿತ್ತಾಡ್ತಿದ್ರು. ಅದಕ್ಕೇ ಇನ್ಮೇಲೆ ಕಿಟಕಿ ತೆಗೆದೇ ಇರಬೇಕು. ಭಾರ ಇಡೋ ಕೆಲಸ ನನ್ನದು.

ಹೆಂಡತಿ: ಅಷ್ಟೇ ರೀ! ಇದನ್ನೇ ಬರೀರಿ, ಹೀಗೇ ಬರೀರಿ.

ಬರೆದರು. 'ತೀರ್ಪು ಕೊಟ್ಟವನು' ಅಂತ ಒಂದು ಸಹಿ, ಅದರ ಕೆಳಗೆ 'ಸೋತಿದ್ದೇನೆ, ಯಾಕೆ ಸೋತೆ ಎಂದು ಅರ್ಥವಾಗಿದೆ' ಅಂತ ಇನ್ನೊಂದು. ಹದಿನಾರು ವರ್ಷದಲ್ಲಿ ಇಷ್ಟು ಹಗುರಾಗಿ ಅವರು ಯಾವ ತೀರ್ಪಿಗೂ ಸಹಿ ಹಾಕಿರಲಿಲ್ಲ. ಅದೇ ಖುಷಿಯಲ್ಲಿ ಹೆಂಡತಿ ಹೋಗಿ ಕಿಟಕಿಯನ್ನು ದಡಾರನೆ ತೆರೆದಳು.

ಗಾಳಿ ಭರ್ರೆಂದು ನುಗ್ಗಿತು. ಅಮ್ಮ ಸೆರಗು ಸಡಿಲಿಸಿ "ಅಬ್ಬಬ್ಬಾ!" ಅಂದರು. ತೀರ್ಪು ಮೇಜಿನಿಂದ ಎದ್ದು, ಕೋಣೆಯನ್ನು ಒಂದು ಸುತ್ತು ಹಾಕಿ, ಮಂಚದ ಕೆಳಗೆ ನುಸುಳಿತು. ಸಾಹೇಬರು ಕೂಗಲು ಬಾಯಿ ತೆರೆದರು. ಇಬ್ಬರೂ ನೋಡುತ್ತಿದ್ದರು. ತೆರೆದ ಬಾಯಿ ಮುಚ್ಚಿ, ಒಂದು ಕೈಯಲ್ಲಿ ಟವಲ್ ಹಿಡಿದು, ಬಟಾಣಿ ಕಾಳುಗಳ ಮೇಲೆ ಮಂಡಿಯೂರಿ ತಾವೇ ಒಳಗೆ ತೆವಳಿದರು.

ಜಡ್ಜ್: ಸಿಕ್ತು! ಲೇ, ಮೇಜಿನ ಮೇಲೆ ಏನಾದ್ರೂ ಭಾರದ್ದು ತಂದಿಡೇ!

ಹೆಂಡತಿ ಕಪಾಟಿನ ಮೇಲಿನಿಂದ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ತಂದು ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು. ಧೂಳೆದ್ದಿತು.

ಅಮ್ಮ: ಅದೇನೇ ಅದು?

ಹೆಂಡತಿ: ತೀರ್ಪು ಬರೆಯೋದು ಹೇಗೆ ಅಂತ ತರಬೇತಿಯವರು ಕೊಟ್ಟಿದ್ದ ಪುಸ್ತಕ ಅತ್ತೆ. ಇವತ್ತೇ ಮೊದಲನೇ ಸಲ ಉಪಯೋಗಕ್ಕೆ ಬಂದಿದ್ದು.