ತಿಥಿ ಮರೆಯದ ಮಾಮಾ

ನಮ್ಮ ಮಾಮಾನಿಗೆ ಬದುಕಿದ್ದವರ ಮೇಲೆ ಅಂಥ ಆಸ್ಥೆಯೇನೂ ಇರಲಿಲ್ಲ. ಸತ್ತವರೆಂದರೆ ಮಾತ್ರ ಪಂಚಪ್ರಾಣ! ನಗಬೇಡಿ, ನಿಜ ಹೇಳುತ್ತಿದ್ದೇನೆ. ಪುಣೆಯ ಕನ್ನಡದ ಮನೆಗಳಲ್ಲಿ ಯಾವ ಅಜ್ಜ ಯಾವ ಮಾಸ, ಯಾವ ಪಕ್ಷ, ಯಾವ ತಿಥಿಗೆ ಕಣ್ಣು ಮುಚ್ಚಿದನೆಂಬುದನ್ನು ಆ ಅಜ್ಜನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಮರೆತಿರಬಹುದು, ನಮ್ಮ ಮಾಮಾ ಮರೆಯುತ್ತಿರಲಿಲ್ಲ. ಬೆಳಗ್ಗೆ ತೆಗೆದುಕೊಂಡು ಹೋದ ಕೊಡೆಯನ್ನು ಎಲ್ಲಿ ಬಿಟ್ಟೆನೆಂಬುದು ಮಾತ್ರ ಅವನಿಗೆ ಎಂದೂ ನೆನಪಿರುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ನಾವು. ನಾವೆಂದರೆ ಮಾಮಾನ ಮೂವರು ಅಕ್ಕಂದಿರ ಮೂವರು ಗಂಡುಮಕ್ಕಳು: ನಾನು, ವೆಂಕು, ರಘು. ನಮ್ಮ ಹಳ್ಳಿಗಳಲ್ಲಿ ನಾಲ್ಕನೆಯ ಇಯತ್ತೆಯ ಆಚೆಗೆ ಸಾಲೆಯೇ ಇರಲಿಲ್ಲ. ಮಾಮಾ ಪುಣೆಯಲ್ಲಿ ಒಬ್ಬ ವ್ಯಾಪಾರಿಯ ಪೇಢಿಯಲ್ಲಿ ಲೆಕ್ಕ ಬರೆಯುವ ಕಾರಕೂನ; ಸ್ವಂತ ಮಕ್ಕಳಿಲ್ಲ. "ಹುಡುಗರನ್ನ ನನ್ನ ಕಡೆ ಬಿಡ್ರಿ, ಮ್ಯಾಟ್ರಿಕ್ ಮಾಡಿಸೇ ಕಳಸ್ತೀನಿ" ಎಂದು ಅಕ್ಕಂದಿರಿಗೆ ಮಾತು ಕೊಟ್ಟುಬಿಟ್ಟ. ಆಗ ನಾವು ಗುಬ್ಬಿಗಳ ಹಾಗೆ ಉಣ್ಣುವ ಹುಡುಗರು. ಇದೇ ಹುಡುಗರಿಗೆ ಮುಂದೆ ಹದಿನಾಲ್ಕು, ಹದಿನೈದು ತುಂಬುತ್ತದೆಂದು ಮಕ್ಕಳಿಲ್ಲದ ಮನುಷ್ಯನಿಗೆ ಯಾರು ಹೇಳಬೇಕು? ನಮಗೆ ಮೀಸೆ ಮೂಡುವ ಮೊದಲು ಹಸಿವೆ ಮೂಡಿತು. ಮಾಮಿ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು, ಬುಟ್ಟಿ ಬರಿದಾಗುತ್ತಲೇ ಇರುತ್ತಿತ್ತು. ಅದರಲ್ಲಿ ಮೊದಲ ಮಹಾಯುದ್ಧದ ತುಟ್ಟಿ ಕಾಲ ಬೇರೆ. ಹೊಟ್ಟೆಗೆ ಸಾಲದೆ ಹೋದರೆ ನಮ್ಮನ್ನು ಹಳ್ಳಿಗೆ ತಿರುಗಿ ಕಳಿಸಬೇಕು. ಕಳಿಸಿದರೆ ನಮ್ಮ ವಿದ್ಯೆಯೂ ಮುಗಿಯಿತು, ಮಾಮಾನ ಮಾತೂ ಮುಗಿಯಿತು. ಆ ಚಿಂತೆಯಲ್ಲಿ ಒದ್ದಾಡುತ್ತಿದ್ದ ಮಾಮಾನ ಕೈ ಹಿಡಿದವರೇ ಈ ಸತ್ತವರು.

ಶ್ರಾದ್ಧಕ್ಕೆ ಎಲೆಯ ಮುಂದೆ ಕೂಡಲು ಬ್ರಾಹ್ಮಣರು ಬೇಕಲ್ಲ? ಮುಂಜಿಯಾದ ಹುಡುಗರೂ ನಡೆಯುತ್ತಾರೆ. ಎಲೆ ತುಂಬ ವಡೆ, ಎಳ್ಳುಂಡೆ, ಪಾಯಸ! ಮೇಲಾಗಿ, ಶ್ರಾದ್ಧಕ್ಕೆ ಕೂಡುವವನು ಹಿಂದಿನ ರಾತ್ರಿ ಉಣ್ಣಬಾರದು, ಅಂದು ರಾತ್ರಿಯೂ ಉಣ್ಣಬಾರದು ಎಂದು ನಿಯಮ. ಹೊರಗೆ ಒಂದು ಊಟ ಮಾಡಿಸಿದರೆ ಮನೆಯಲ್ಲಿ ಮೂರು ಊಟ ಉಳಿತಾಯ! ಈ ಶಾಸ್ತ್ರ ಬರೆದ ಋಷಿಗಳ ಆಶ್ರಮದಲ್ಲಿಯೂ ಹರೆಯಕ್ಕೆ ಬಂದ ಅಕ್ಕನ ಮಕ್ಕಳು ಇದ್ದಿರಬೇಕೆಂದು ನನಗೆ ಬಲವಾದ ಸಂಶಯ. ಪಿತೃಪಕ್ಷವಂತೂ ನಮಗೆ ದೀಪಾವಳಿಗಿಂತ ದೊಡ್ಡ ಹಬ್ಬವಾಗಿತ್ತು.

ಇನ್ನೊಂದು ಅನುಕೂಲವಿತ್ತು. ಯಾರ ಮನೆಯ ಶ್ರಾದ್ಧವೋ ಅವರ ಗೋತ್ರದವನು ಎಲೆಗೆ ಕೂಡುವಂತಿಲ್ಲ. ನಮ್ಮ ಅಜ್ಜ ಮೂವರು ಹೆಣ್ಣುಮಕ್ಕಳನ್ನು ಮೂರು ಬೇರೆ ಬೇರೆ ಗೋತ್ರದ ಮನೆಗೆ ಕೊಟ್ಟಿದ್ದ. ನಾನು ಕಾಶ್ಯಪ, ವೆಂಕು ಭಾರದ್ವಾಜ, ರಘು ಕೌಶಿಕ. ಕಾಶ್ಯಪರ ಮನೆಗೆ ವೆಂಕು, ಭಾರದ್ವಾಜರ ಮನೆಗೆ ನಾನು. ಒಟ್ಟಿನಲ್ಲಿ ನಮ್ಮ ಕೈ ತಪ್ಪಿ ಹೋಗುವ ಮನೆಯೇ ಇರಲಿಲ್ಲ. "ನಮ್ಮಪ್ಪಗ ದೂರದೃಷ್ಟಿ ಭಾಳ" ಎಂದು ಮಾಮಾ ಕೈಮುಗಿಯುತ್ತಿದ್ದ.

ಭಾನುವಾರ ಮಂಡಈಗೆ ಕಾಯಿಪಲ್ಯ ತರಲು ಹೋದರೆ ಅವನ ಕಣ್ಣು ಬದನೆಕಾಯಿಯ ಮೇಲೆ ಇರುತ್ತಿರಲಿಲ್ಲ, ಬಂದು ಹೋಗುವ ಮಂದಿಯ ಮೇಲೆ. ಒಮ್ಮೆ ಪರಿಚಯದ ರಾಯರೊಬ್ಬರು ಎದುರಾದರು.

"ರಾಯರ, ಬರೋ ಬಿದಿಗಿ ನೆನಪದ ಅಲ್ರಿ?"

"ಬಿದಿಗಿಗೆ ಏನದರಿ?"

"ಏನದ? ನಿಮ್ಮ ತಂದೀವರದು!"

ರಾಯರು ಹಣೆ ಹಣೆ ಬಡಿದುಕೊಂಡು, ಮಾಮಾನ ಕೈ ಹಿಡಿದು, ಹುಡುಗರನ್ನು ಕಳಿಸಿರೆಂದು ಅಲ್ಲೇ ಆಮಂತ್ರಣ ಕೊಟ್ಟರು. ಉತ್ಸಾಹ ಉಕ್ಕಿದ ಮಾಮಾ, "ಮತ್ತ ನಿಮ್ಮ ಅಜ್ಜೀದು ಮಾಘದಾಗ ಅಲ್ರಿ?" ಎಂದ.

"ಅಜ್ಜಿ ಇನ್ನೂ ಇದ್ದಾಳ್ರೀ!"

"ಹೌದೇನ್ರಿ? ಭಾಳ ಛಲೋ ಆತು, ಭಾಳ ಛಲೋ ಆತು. ಇರಲಿ, ಅವಸರೇನಿಲ್ಲ."

ಅವನ ಜೀವಮಾನದಲ್ಲಿ ತಪ್ಪಿದ್ದು ಅದೊಂದೇ ಲೆಕ್ಕ. ಆಮೇಲೆ ಆ ರಾಯರು ಮಾಮಾನನ್ನು ಕಂಡರೆ ಆಚೆಯ ಓಣಿ ಹಿಡಿದು ಹೋಗುತ್ತಿದ್ದರು.

ಶ್ರಾದ್ಧದ ಊಟವಾಗುವುದು ಮಧ್ಯಾಹ್ನ. ಸಾಲೆ ತಪ್ಪುತ್ತಿತ್ತು. ಪ್ರತಿ ಸಲವೂ ನಾವು ಹೇಳುವ ಕಾರಣ ಒಂದೇ, ಅಜ್ಜನ ಶ್ರಾದ್ಧ. ಒಂದು ದಿನ ಮಾಸ್ತರರು ವೆಂಕುವಿನ ಕಿವಿ ಹಿಡಿದು, "ಕಿತೀ ಆಜೋಬಾ ಆಹೇತ ರೇ ತುಲಾ?" ಎಂದರು. ನಿನಗೆ ಅಜ್ಜಂದಿರು ಎಷ್ಟು ಜನರೋ ಎಂದು. ವೆಂಕು ಕಿವಿ ಬಿಡಿಸಿಕೊಳ್ಳದೆಯೇ, "ಸಗಳ್ಯಾ ಪೇಠಾಂತ ಆಹೇತ, ಮಾಸ್ತರ!" ಎಂದ. ಎಲ್ಲ ಪೇಟೆಗಳಲ್ಲೂ ಇದ್ದಾರಂತೆ! ಛಡಿ ಏಟು ಬಿದ್ದದ್ದು ಅಜ್ಜಂದಿರ ಲೆಕ್ಕಕ್ಕೋ ನಿಜ ಹೇಳಿದ್ದಕ್ಕೋ ಗೊತ್ತಾಗಲಿಲ್ಲ.

ಮಾಮಿಗೆ ಇದೆಲ್ಲ ಸೇರುತ್ತಿರಲಿಲ್ಲ. "ಮಂದಿ ಮನ್ಯಾಗ ಸತ್ತವರೆಲ್ಲ ನೆನಪದಾರ, ನಮ್ಮ ಮನ್ಯಾಗ ಉಪ್ಪು ತೀರೇದ ಅನ್ನೂದು ನೆನಪಿಲ್ಲೇನ್ರಿ ನಿಮಗ?" ಎಂದು ಸೌಟು ಹಿಡಿದು ಬರುತ್ತಿದ್ದಳು.

"ಉಪ್ಪು ಯಾವಾಗರೆ ನಮ್ಮ ಹುಡುಗರನ್ನ ಊಟಕ್ಕ ಕರದದ ಏನು?" ಎನ್ನುತ್ತಿದ್ದ ಮಾಮಾ. ಮಾಮಿ ಸಿಟ್ಟಿನಿಂದ ಒಳಗೆ ಹೋದರೂ ಅವಳ ಬೆನ್ನು ನಗುವುದು ನಮಗೆ ಕಾಣುತ್ತಿತ್ತು.

ಎಲ್ಲ ಮನೆಯೂ ನಗುವ ಮನೆಯಾಗಿರಲಿಲ್ಲ. ಶನಿವಾರ ಪೇಟೆಯ ಒಂದು ವಾಡೆಯಲ್ಲಿ ಒಬ್ಬ ಮುದುಕಿಯ ಗಂಡನ ಶ್ರಾದ್ಧ. ನಾನೂ ವೆಂಕುವೂ ಕೂತಿದ್ದೆವು. ಮಜ್ಜಿಗೆ ಬಂದ ಮೇಲೂ ವೆಂಕು ಕಣ್ಣಿನಲ್ಲೇ ವಡೆಯ ಪಾತ್ರೆ ತೋರಿಸಿದ. ಬಡಿಸುವವರು ನಕ್ಕರು. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅಳುವುದನ್ನು ಕಂಡು ವೆಂಕುವಿನ ಕೈ ನಿಂತಿತು.

"ನಿಲ್ಲಿಸಬ್ಯಾಡಪಾ, ಉಣ್ಣು" ಎಂದಳು ಅವಳು. "ಅವರೂ ಹಿಂಗ. ಮಜ್ಜಿಗಿ ಆದ ಮ್ಯಾಲೆ ಮತ್ತ ವಡಿ ಕೇಳತಿದ್ರು. ನಾ ಬೈತಿದ್ದೆ."

ವೆಂಕು ಮನೆಗೆ ಬಂದು, "ಮಾಮಾ, ಇನ್ನ ನಾ ಹೋಗೂದಿಲ್ಲ. ಮಂದೀನ್ನ ಅಳಿಸಿ ಉಂಡಂಗಾತು" ಎಂದ. ಮಾಮಾ ಅವನ ತಲೆ ಸವರಿ, "ಹುಚ್ಚಾ, ಆಕಿಗೆ ಅಳಲಿಕ್ಕೆ ವರ್ಷಕ್ಕೊಂದು ದಿನ ಬೇಕೋ. ಉಳಿದ ದಿನ ಮೊಮ್ಮಕ್ಕಳು ಅಳಗೊಡೂದಿಲ್ಲ" ಎಂದ. ವೆಂಕು ಮುಂದಿನ ವರ್ಷವೂ ಆ ಮನೆಗೆ ಹೋದ.

ಯುದ್ಧ ಮುಗಿಯುತ್ತ ಬಂದಾಗ ಆ ಜ್ವರ ಬಂತು. ಇನ್‌ಫ್ಲುಯೆಂಜಾ ಎಂದು ಅದರ ಹೆಸರು ನಮಗೆ ಆಮೇಲೆ ತಿಳಿಯಿತು. ಬೆಳಗ್ಗೆ ನಳದ ಹತ್ತಿರ ನೀರಿಗೆ ಜಗಳಾಡಿದವರು ಸಂಜೆಗೆ ಇರುತ್ತಿರಲಿಲ್ಲ. ಹೆಗಲು ಕೊಡಲು ಜನ ಸಿಗಲಿಲ್ಲ, ನದಿಯ ದಂಡೆಯಲ್ಲಿ ಕಟ್ಟಿಗೆ ಸಿಗಲಿಲ್ಲ. ನಾವು ಮೂವರೂ ಮಲಗಿದೆವು, ಎದ್ದೆವು. ನಮಗೆ ಗಂಜಿ ಕಾಸುತ್ತಿದ್ದ ಮಾಮಿ ಮಲಗಿದಳು. ಜ್ವರದಲ್ಲೇ ಎದ್ದು ಒಲೆ ಹಚ್ಚಲು ಹೋದವಳನ್ನು ಮಾಮಾ ಬೈದು ಮಲಗಿಸಿದ. ಅವಳು ಮತ್ತೆ ಏಳಲಿಲ್ಲ. 

ಆಮೇಲೆ ಒಲೆ ಮಾಮಾನ ಪಾಲಿಗೆ ಬಂತು. ಅವನು ಬಡಿದ ರೊಟ್ಟಿಯನ್ನು ವೆಂಕುವಿನಂಥ ವೆಂಕುವೂ ನೀರಿನಲ್ಲಿ ನೆನೆಸಿಕೊಂಡು ತಿನ್ನಬೇಕಾಯಿತು. ಯಾರೂ ಹೆಸರಿಡಲಿಲ್ಲ. ನಮ್ಮ ಅಮ್ಮಂದಿರು ಹುಡುಗರನ್ನು ಕರೆದುಕೊಂಡು ಹೋಗುತ್ತೇವೆಂದರು, ಮಾಮಾ ಒಪ್ಪಲಿಲ್ಲ. ಆದರೆ ಮಂಡಈಯಲ್ಲಿ ಅವನು ಈಗ ತಲೆ ತಗ್ಗಿಸಿಕೊಂಡು ಬದನೆಕಾಯಿಯನ್ನೇ ನೋಡುತ್ತಿದ್ದ. ಎದುರಿಗೆ ಬಂದವರೇ ನಿಂತು, "ನಮ್ಮ ತಿಥಿ ಯಾವಾಗ ಬರತದರಿ?" ಎಂದು ಕೇಳಬೇಕಾಗುತ್ತಿತ್ತು. ಹೇಳಿ, ನಡೆದುಬಿಡುತ್ತಿದ್ದ.

ಮರುವರ್ಷದ ಆಶ್ವಿನ ಬಂತು. ಹೋದ ವರ್ಷ ಒಟ್ಟಿಗೆ ಹೋದವರ ತಿಥಿಗಳೆಲ್ಲ ಒಟ್ಟಿಗೇ ಬಂದವು. ಊರಲ್ಲಿ ಎಲೆಗೆ ಕೂಡಲು ಬ್ರಾಹ್ಮಣರು ಸಿಗದ ಹಾಗಾಯಿತು. ನಮ್ಮ ಬಾಗಿಲಿಗೆ ಜನ ಸಾಲುಗಟ್ಟಿದರು! ಬೇರೆ ದಿನಗಳಿಗೆ ಮಾಮಾ ಹೂಂ ಎಂದ. ಬಹುಳ ಚೌತಿಗೆಂದು ದೊಡ್ಡ ಅಂಗಡಿಯ ಸಾಹುಕಾರರು ತಾವೇ ನಡೆದು ಬಂದರು.

"ಮೂವರಿಗೂ ಧೋತರ ಜೋಡಿ ಕೊಡತೀನ್ರಿ. ಕಳಸ್ರಿ."

"ಚೌತಿಗೆ ಹುಡುಗರು ಸಿಗೂದಿಲ್ರಿ."

"ಯಾಕ್ರಿ, ನನಗಿಂತ ಮೊದಲ ಯಾರರೆ ಕರದಾರೇನು?"

"ಹೌದ್ರಿ" ಎಂದ ಮಾಮಾ. "ನಮ್ಮ ಮನ್ಯಾಕಿ ಕರದಾಳ."

ಸಾಹುಕಾರರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಚೌತಿಯ ದಿನ ಮಾಮಾ ಬೆಳಕು ಹರಿಯುವ ಮೊದಲೇ ಮಡಿಯುಟ್ಟು ಒಲೆಯ ಮುಂದೆ ಕೂತ. ನಮ್ಮನ್ನು ಹತ್ತಿರ ಬರಗೊಡಲಿಲ್ಲ. ಪುರೋಹಿತರು ಬಂದರು, ಮಂತ್ರವಾಯಿತು, ಮಾಮಾ ನಮ್ಮ ಕಾಲು ತೊಳೆದ. ಅಕ್ಕನ ಮಕ್ಕಳ ಕಾಲು! ನಾವು ಎಳೆದುಕೊಳ್ಳಲು ಹೋದರೆ ಗಟ್ಟಿಯಾಗಿ ಹಿಡಿದುಕೊಂಡ. ಎಲೆ ಬಿತ್ತು. ವಡೆ ಹೊರಗೆ ಕಪ್ಪು, ಒಳಗೆ ಹಸಿ. ಪಾಯಸ ತಳ ಹಿಡಿದಿತ್ತು. ಪುಣೆಯ ಪೇಟೆಗಳಲ್ಲೆಲ್ಲ ಉಂಡು ಹೆಸರು ಮಾಡಿದ ಮೂವರು ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತೆವು. 

ಮಾಮಾ ಪಾತ್ರೆ ಹಿಡಿದು ನಿಂತೇ ಇದ್ದ. "ಉಣ್ರೋ" ಎಂದ. ಯಾರೂ ಎಲೆಗೆ ಕೈ ಹಾಕದ್ದನ್ನು ಕಂಡು ಮತ್ತೆ, "ಉಣ್ರೋ ಮಕ್ಕಳ್ರಾ. ಇವತ್ತ ನಿಮ್ಮ ಎಲಿಗೆ ಹಾಕಿದ್ದು ಆಕಿಗೆ ಮುಟ್ಟತದ. ಈ ಮನ್ಯಾಗ ಆಕಿ ಎಲ್ಲಾರಿಗೂ ಬಡಿಸೇ ಬಡಿಸಿದ್ಲು. ತಾ ಹೊಟ್ಟಿ ತುಂಬ ಉಂಡದ್ದು ನಾ ಒಂದಿನಾನೂ ನೋಡಿಲ್ಲ" ಎಂದ. ದನಿಯಲ್ಲಿ ದೂರು ಇರಲಿಲ್ಲ. ಬೇಡಿಕೆಯಿತ್ತು.

ಮೊದಲು ವೆಂಕು ಕೈ ಹಾಕಿದ. ಕಣ್ಣೀರು ಸುರಿಸುತ್ತಲೇ ಹಸಿ ವಡೆಯನ್ನು ಅಗಿದ. ರಘು ತಿಂದ. ನಾನೂ ತಿಂದೆ. ಮಾಮಾ ಹಾಕುತ್ತ ಹೋದ, ನಾವು ತಿನ್ನುತ್ತ ಹೋದೆವು. ಕಡೆಗೆ ಅವನು ವಡೆ ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದಾಗ ನನ್ನ ಹೊಟ್ಟೆ ಬಿರಿಯುವ ಹಾಗಿತ್ತು. ಕೈ ಅಡ್ಡ ಹಿಡಿದು ತಲೆಯಾಡಿಸಿದೆ.

"ನಿನಗಲ್ಲೋ" ಎಂದ ಮಾಮಾ, ಮೆಲ್ಲಗೆ. "ಆಕಿಗೆ."

ನಾನು ಕೈ ತೆಗೆದೆ.

"ಎರಡು ಹಾಕು, ಮಾಮಾ" ಎಂದೆ.